ತುಂಗಾ ಬೀಟ್ಸ್‌ನ ಎರಡನೇ ಕ್ಯಾಸೆಟ್

ನ್ಯಾಮತಿ
18-1-1987

ಅಣ್ಣ ಬೆನಕಪ್ಪನಿಗೆ ತಂಗಿ ಕೊಟ್ರಮ್ಮ ಮಾಡುವ ಶರಣು.

ನಾವಿಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಎಂದು ಬರೆದೆ. ಪಣಜಿಯಲ್ಲಿ ನೀನು ಆರೋಗ್ಯವಾಗಿರುವೆ ಎಂದು ನಂಬಿದ್ದೇನೆ. ಅಣ್ಣನಿಗೆ ಕಾಗದ ಬರೆಯುವಾಗ ನೀವು ತಾವು ಅನ್ನಬೇಕೆಂದು ಬಿಳಿಚೋಡಿನ ಶಾಲೆಯಲ್ಲಿ ಕಲಿಸಿದ್ದರು. ನನಗೆ ಅದು ಬರುವುದಿಲ್ಲ, ನೀನು ಎಂದೇ ಬರೆಯುತ್ತೇನೆ. ಬರೆಯಲು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ನಿಜ ಹೇಳಬೇಕೆಂದರೆ ಕೋಪ ನನಗೇ ಇತ್ತು, ಅದಕ್ಕೇ ತಡವಾಯಿತು.

ನಮ್ಮನೆಯವರು ತೀರಿಕೊಂಡರೆಂದು ತಂತಿ ಕೊಟ್ಟರೂ ನೀನು ಬರಲಿಲ್ಲ. ಇವರನ್ನು ಪಡಸಾಲೆಯಲ್ಲಿ ಕೂರಿಸಿ ಸಂಜೆಯವರೆಗೂ ಭಜನೆ ಮಾಡಿದರು. ಅತ್ತೆ ಹಿರಿಯರ ಕೈಕಾಲು ಹಿಡಿದರು. "ನಮ್ಮ ಬೆನಕಪ್ಪ ಬರ್ತಾನ್ರೀ, ಸ್ವಲ್ಪ ತಡೀರಿ, ಬಸ್ಸು ತಡಾಗಿರ್ತೈತೆ" ಎಂದು ತಡೆಯುತ್ತಲೇ ಇದ್ದರು. ಗೌಸ್‌ಪೀರಣ್ಣ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೊನ್ನಾಳಿಯಿಂದ ಬಂದ ಬಸ್ಸು, ಶಿವಮೊಗ್ಗದಿಂದ ಬಂದ ಬಸ್ಸು ಎಲ್ಲದರೊಳಗೂ ಹತ್ತಿ ನೋಡಿ ಬಂದರು. ಕತ್ತಲಾಗುತ್ತದೆ ಎಂದು ಹಿರಿಯರು ಕೊನೆಗೆ ಎಬ್ಬಿಸಿಬಿಟ್ಟರು. ನಿನಗೆ ತಂತಿ ತಲುಪಿರಲಿಕ್ಕಿಲ್ಲ ಎಂದು ನಾನೇ ನನಗೆ ಹೇಳಿಕೊಂಡಿದ್ದೇನೆ. ಆ ಮಾತು ಅಲ್ಲಿಗೇ ಬಿಡೋಣ.

ಈಗ ಬರೆಯುತ್ತಿರುವುದು ನಿಮ್ಮ ತುಂಗಾ ಬೀಟ್ಸ್‌ನ ಎರಡನೇ ಕ್ಯಾಸೆಟ್ಟಿನ ವಿಷಯಕ್ಕೆ. ಮೊದಲನೆಯದನ್ನು ಹೊನ್ನಾಳಿ ಕಡೆಯ ಬಸ್ಸುಗಳಲ್ಲಿ ಟೇಪು ಸವೆಯುವವರೆಗೂ ಹಾಕಿದರು, ಈಗ ಕೇಳೋಣವೆಂದರೆ ಒಂದೂ ನೆಟ್ಟಗಿಲ್ಲ. ಸಾಸ್ವೆಹಳ್ಳಿಯ ಮದುವೆಯೊಂದರಲ್ಲಿ ಅಕ್ಕಿಕಾಳು ಬೀಳುತ್ತಲೇ ಹುಡುಗರು ವಾಲಗದವರನ್ನು ಸುಮ್ಮನಿರಿಸಿ ನಿಮ್ಮ ಹಾಡು ಹಾಕಿಸಿ ಕುಣಿದದ್ದು ನಿನಗೂ ನೆನಪಿರಬಹುದು. ಗೌಸ್‌ಪೀರಣ್ಣ ಅದನ್ನು ಪಾಪ್ ಅನ್ನುತ್ತಿದ್ದರು, ನೀನು ರಾಕ್ ಅನ್ನುತ್ತಿದ್ದೆ, ಅತ್ತೆ ಡಬಡಬಾ ಅನ್ನುತ್ತಿದ್ದರು. ಎರಡನೆಯದರಲ್ಲಿ ಎಲ್ಲವೂ ಸ್ವಂತ ಹಾಡಾಗಬೇಕು, ಬೆಂಗಳೂರಿನ ಸ್ಟುಡಿಯೋದಲ್ಲೇ ಆಗಬೇಕು ಎಂದು ಹಟ ಹಿಡಿದು ಹೋದಿರಿ. ಗಿಟಾರಿಗೆ ಗೌಸ್‌ಪೀರಣ್ಣ, ಡ್ರಮ್ಮಿಗೆ ನೀನು, ಹಾಡಲು ಇವರು. ಹೋದವರು ಮೂವರು, ಬಂದವರು ಇಬ್ಬರು. ನಿನ್ನ ಡ್ರಮ್ಮು ತಾಳಕ್ಕೆ ಕೂರುತ್ತಿಲ್ಲವೆಂದು ಸ್ಟುಡಿಯೋದವರು ತಾಳದ ಮಷಿನ್ ಇಟ್ಟರಂತೆ, ಇವರು ಹೂಂ ಅಂದರಂತೆ, ನೀನು ಅಲ್ಲಿಂದಲೇ ಗೋವೆಯ ಹೋಟೆಲ್ಲಿಗೆ ಬಾರಿಸಲು ಹೋದೆಯಂತೆ. ನನಗೆ ಗೊತ್ತಿರುವುದು ಇಷ್ಟೇ. ಇವರು ಮಾಡಿದ್ದು ತಪ್ಪು ಎಂದು ನಾನು ಮುಖದ ಮೇಲೇ ಹೇಳಿದ್ದೆ. "ಹೌದು ಬಿಡೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಆ ಹೊತ್ತಿಗಾಗಲೇ ಅವರ ಕಣ್ಣು ಅರಿಶಿನವಾಗಿತ್ತು. ನಿದ್ದೆಗೆಟ್ಟು ಹಾಗಾಗಿದೆ ಅಂದುಕೊಂಡೆವು. ಕಾಮಾಲೆ ಎಂದು ತಿಳಿದು, ನಾಟಿ ಔಷಧಿ ಕುಡಿಸಿ, ದೊಡ್ಡಾಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕೈ ಮೀರಿತ್ತು.

ಬರುವಾಗ ಇವರು ಒಂದು ಕ್ಯಾಸೆಟ್ ತಂದಿದ್ದರು. ಮನೆಯಲ್ಲಿ ಕೇಳಿ ನೋಡಲಿಕ್ಕೆಂದು ಸ್ಟುಡಿಯೋದವರು ಎಲ್ಲಾ ಹಾಡನ್ನೂ ಅದಕ್ಕೆ ತುಂಬಿ ಕೊಟ್ಟಿದ್ದರು. ಅಸಲು ಸ್ಪೂಲು ಎನ್ನುವ ದೊಡ್ಡ ಟೇಪಿನ ಸುರುಳಿಯಲ್ಲಿ ಅಲ್ಲೇ ಉಳಿದಿತ್ತು. ಇವರು ಗುಣವಾದ ಮೇಲೆ ಹೋಗಿ, ಹೆಚ್ಚು ಕಡಿಮೆ ಸರಿಮಾಡಿಸಿ, ಮಾರುವ ಕ್ಯಾಸೆಟ್ ಮಾಡಿಸುವುದೆಂದು ಮಾತಾಗಿತ್ತು. ಹಾಸಿಗೆ ಹಿಡಿದ ಮೇಲೂ ಇವರು ಅದನ್ನೇ ಹಾಕಿಸಿಕೊಂಡು ಕೇಳುತ್ತಿದ್ದರು.

ಇವರ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ಗುರುಗಳು ಬಂದಿದ್ದರು. ಗುರುಗಳ ಆಶೀರ್ವಚನವನ್ನು ಟೇಪು ಮಾಡಿ ಮನೆಯಲ್ಲಿಟ್ಟುಕೊಳ್ಳುವುದು ಈಗ ಇಲ್ಲಿ ಎಲ್ಲರ ರೂಢಿ. ಭಜನೆ ತುಂಬಬೇಕಾದರೆ ಟೇಪ್‌ರೆಕಾರ್ಡರಿನ ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಜೊತೆಯಾಗಿ ಒತ್ತಬೇಕೆಂದು ಅತ್ತೆಗೆ ಇವರೇ ಕಲಿಸಿಕೊಟ್ಟಿದ್ದರು. ಅತ್ತೆ ಮಷಿನ್ ತಂದು ಗುರುಗಳ ಪಾದದ ಹತ್ತಿರ ಇಟ್ಟು, ನಮಸ್ಕಾರ ಮಾಡಿ, ಒತ್ತಿದರು. ಒಳಗೆ ಯಾವ ಕ್ಯಾಸೆಟ್ ಇದೆ ಎಂದು ನೋಡಲಿಲ್ಲ. ನಾನು ಒಳಗೆ ಗೋಧಿ ಹುಗ್ಗಿಯ ಪಾತ್ರೆ ಹಿಡಿದುಕೊಂಡಿದ್ದೆ. ಒಂದು ಮಗ್ಗುಲು ಮುಗಿದಾಗ ಯಾರೋ ಪುಣ್ಯಾತ್ಮರು ತಿರುಗಿಸಿಯೂ ಹಾಕಿದರು. ಗುರುಗಳು ಬಹಳ ಚೆನ್ನಾಗಿ ಮಾತಾಡಿದರು, ಬಹಳ ಹೊತ್ತು ಮಾತಾಡಿದರು. ಸ್ವಲ್ಪ ಕಡಿಮೆ ಮಾತಾಡಿದ್ದರೆ ನನಗೆ ಎರಡು ಹಾಡಾದರೂ ಉಳಿಯುತ್ತಿದ್ದವು. ಶಿವನೇ, ಎಂಥ ಮಾತು ಬರೆಯುತ್ತಿದ್ದೇನೆ ನೋಡು.

ಕ್ಯಾಸೆಟ್ಟಿನ ನೆತ್ತಿಯ ಮೇಲೊಂದು ಪುಟ್ಟ ಚೂರಿರುತ್ತದಂತೆ, ಅದನ್ನು ಮುರಿದಿದ್ದರೆ ಮೇಲೆ ಬೇರೇನೂ ತುಂಬಲು ಆಗುತ್ತಿರಲಿಲ್ಲವಂತೆ. ಗೌಸ್‌ಪೀರಣ್ಣ ಹೇಳಿ ಹೇಳಿ ಅತ್ತರು. "ನಮ್ಮ ಕ್ಯಾಸೆಟ್ ಮೇಲೆ ಯಾರು ತುಂಬ್ತಾರೆ ಅಂತ ಬಿಟ್ವಿ ತಂಗಿ" ಎಂದರು.

ಉಳಿದಿರುವುದು ಒಂದೇ ಚೂರು. ಗುರುಗಳು ಶರಣು ಶರಣಾರ್ಥಿ ಎಂದು ಮುಗಿಸಿದ ಮೇಲೆ ಟಕ್ ಎಂದು ಸದ್ದಾಗಿ, ಕೊನೆಯ ಹಾಡಿನ ಕೊನೆಯ ಸಾಲು ಬರುತ್ತದೆ: "ಹೊಳೆ ದಾಟಿ ಬಾರೆ, ಹೊತ್ತು ಮುಳುಗೋ ಮುಂಚೆ." ಆಮೇಲೆ ಒಂದು ಕೆಮ್ಮು. ಆಮೇಲೆ ಇವರ ಮಾತು, ಸ್ಟುಡಿಯೋದವರಿಗೆ ಕೇಳಿದ್ದು: "ಸಾಕೇನ್ರೀ, ಇನ್ನೊಂದ್ಸಲ ಹಾಡ್ಲಾ?" ಅತ್ತೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಆಶೀರ್ವಚನ ಪೂರ್ತಿ ಕೇಳಿ ಆ ಜಾಗಕ್ಕೆ ಕಾಯುತ್ತಾರೆ. ಇವರು ಇನ್ನೊಂದ್ಸಲ ಹಾಡ್ಲಾ ಎಂದು ಕೇಳಿದ ಕೂಡಲೇ "ಹಾಡಪ್ಪ, ಹಾಡು" ಎನ್ನುತ್ತಾರೆ. ಮಷಿನ್ ನಿಲ್ಲುತ್ತದೆ.

ಅಣ್ಣ, ಸ್ಪೂಲು ಇನ್ನೂ ಬೆಂಗಳೂರಿನಲ್ಲಿದೆ. ಗೌಸ್‌ಪೀರಣ್ಣ ಹೊನ್ನಾಳಿಯ ಪೋಸ್ಟಾಫೀಸಿನಿಂದ ಟ್ರಂಕ್ ಕಾಲ್ ಮಾಡಿದ್ದರು. ಫೋನ್ ಎತ್ತಿದ ಆಫೀಸಿನವರು, ಬುಕಿಂಗ್ ಬೆನಕಪ್ಪನವರ ಹೆಸರಿನಲ್ಲಿದೆ, ಅವರು ಬರಬೇಕು ಇಲ್ಲವೇ ಒಪ್ಪಿಗೆ ಬರೆದುಕೊಡಬೇಕು, ಯಾರೂ ಬಂದು ಒಯ್ಯದ ಟೇಪುಗಳನ್ನು ಯುಗಾದಿ ಆದ ಮೇಲೆ ಅಳಿಸಿ ಬೇರೆಯವರಿಗೆ ಬಳಸುತ್ತೇವೆ ಎಂದರಂತೆ. ನಿನಗೆ ಇವರ ಮೇಲೆ ಎಷ್ಟು ಸಿಟ್ಟಿದ್ದರೂ ಇರಲಿ. ಬಂದು ಬಿಡಿಸಿಕೊಡು. ಬರಲಾಗದಿದ್ದರೆ ಒಂದು ಒಪ್ಪಿಗೆಯ ಚೀಟಿ ಬರೆದು ಹಾಕು. ನಿನ್ನ ದೊಡ್ಡ ಡ್ರಮ್ಮು ಇಲ್ಲೇ ನಡುಮನೆಯಲ್ಲಿದೆ, ಅತ್ತೆ ಅದರ ಮೇಲೆ ಮಡಿಚಿದ ಬಟ್ಟೆ ಇಡುತ್ತಾರೆ. ಬೈಯಲಿಕ್ಕಾದರೂ ಬಾ.

ನಿನ್ನ ತಂಗಿ
ಕೊಟ್ರಮ್ಮ

ಮರೆತೆ: ಗುಂಡಿ ಒತ್ತಿದ್ದರಿಂದಲೇ ಹಾಡು ಹೋದವು ಎಂದು ಅತ್ತೆಗೆ ಗೊತ್ತಿಲ್ಲ. ಕೇಳಿ ನೋಡುವ ಕ್ಯಾಸೆಟ್ಟಿನಲ್ಲಿ ಹಾಡು ಬಹಳ ದಿನ ನಿಲ್ಲುವುದಿಲ್ಲ, ತಾವೇ ಅಳಿಸಿಹೋಗುತ್ತವೆ ಎಂದು ಹೇಳಿದ್ದೇನೆ. ನೀನು ಬಂದಾಗ ಬಾಯಿ ತಪ್ಪಬೇಡ.


ನ್ಯಾಮತಿ
12-3-1987

ಅಣ್ಣನಿಗೆ ಕೊಟ್ರಮ್ಮನ ಶರಣು.

ನೀನು ಕಳಿಸಿದ ಸೀರೆ ತಲುಪಿತು. ಯುಗಾದಿಗೆ ಇಷ್ಟು ಮುಂಚೆ ಕಳಿಸಿದ್ದೀಯ, ಸಂತೋಷ. ಪೊಟ್ಟಣ ಬಿಚ್ಚಿ, ಸೀರೆಯ ಮಡಿಕೆ ಮಡಿಕೆ ಬಿಡಿಸಿ, ಕುಪ್ಪಸದ ಬಟ್ಟೆ ಕೊಡವಿ ನೋಡಿದೆ. ಚೀಟಿ ಇರಲಿಲ್ಲ. ಸುತ್ತಿದ್ದ ಇಂಗ್ಲಿಷ್ ಪೇಪರಿನ ಅಂಚಿನಲ್ಲೂ ಏನಾದರೂ ಬರೆದಿದ್ದೀಯೋ ಎಂದು ತಿರುಗಿಸಿ ನೋಡಿದೆ. ಅತ್ತೆ, "ಅಣ್ಣ ಕಳಿಸ್ಯಾನೆ, ಉಟ್ಕಾ, ಯಾರೇನಂತಾರೆ ನಾನ್ ನೋಡ್ಕಂತೀನಿ" ಎಂದರು. ಉಡಲಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನನ್ನ ಕಾಗದ ನಿನಗೆ ತಲುಪಿದೆ ಎಂದು ಆ ಸೀರೆಯಿಂದ ಗೊತ್ತಾಯಿತು. ತಲುಪಿಯೂ ನೀನು ಯಾಕೆ ಒಂದು ಮಾತು ಬರೆಯಲಿಲ್ಲ?

ಹೋದ ಸೋಮವಾರ ಆ ಉಳಿದ ಚೂರೂ ಹೋಯಿತು. ಅತ್ತೆ ಅದೇ ಜಾಗವನ್ನು ಹಿಂದೆ ಮುಂದೆ ಮಾಡಿ ಮಾಡಿ ಕೇಳುತ್ತಿದ್ದರು. ಮಷಿನ್ ಟೇಪನ್ನು ಒಳಗೆಳೆದುಕೊಂಡು ಸುತ್ತಿಬಿಟ್ಟಿತು. ಗಾಬರಿಯಲ್ಲಿ ಅತ್ತೆ ಎಳೆದರು, ಹರಿಯಿತು. ಗೌಸ್‌ಪೀರಣ್ಣ ಹೊನ್ನಾಳಿಯ ತಮ್ಮ ರೇಡಿಯೋ ಅಂಗಡಿಗೆ ಒಯ್ದು, ಅಂಟಿಸಿ, ಇಸ್ತ್ರಿ ತಾಗಿಸಿ, ಏನೇನೋ ಮಾಡಿದರು. ಈಗ ಇವರ ದನಿ ನೀರಿನೊಳಗಿಂದ ಬಂದ ಹಾಗೆ ಬರುತ್ತದೆ, ಮಾತು ತಿಳಿಯುವುದಿಲ್ಲ. ಅತ್ತೆಗೆ ಮಾತ್ರ ತಿಳಿಯುತ್ತದಂತೆ. "ಹಾಡ್ಲಾ ಅಂತಾನೆ, ಕೇಳಲ್ವಾ ನಿಂಗೆ?" ಎಂದು ನನ್ನನ್ನೇ ಗದರುತ್ತಾರೆ. ನಾನು ಕೇಳುತ್ತೆ ಅನ್ನುತ್ತೇನೆ.

ಊಟ ಅರ್ಧಕ್ಕೆ ಬಿಟ್ಟಿದ್ದಾರೆ. ತಟ್ಟೆಯ ಮುಂದೆ ಕೂತು, "ಬೆನಕಪ್ಪ ಯಾವಾಗ ತರ್ತಾನಂತೆ?" ಎಂದು ಕೇಳುತ್ತಾರೆ. ನೀನು ತರುತ್ತೀಯ ಎಂದು ನಾನೇ ಹೇಳಿಬಿಟ್ಟಿದ್ದೇನೆ. ಬೇರೆ ಏನು ಹೇಳಲಿ? ನಿನ್ನ ಹೆಸರು ಹೇಳಿದರೆ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ.

ನನ್ನದೂ ಹೇಳುತ್ತೇನೆ, ನಿನ್ನ ಹತ್ತಿರ ನಾಚಿಕೆ ಏನು. ನನಗೆ ಆ ಹಾಡುಗಳು ಪೂರ್ತಿ ಬರುವುದಿಲ್ಲ. ಇವರಿದ್ದಾಗ ಕ್ಯಾಸೆಟ್ ಹಾಡುತ್ತಿರುತ್ತಿತ್ತು, ನಾನು ರೊಟ್ಟಿ ಬಡಿಯುತ್ತಿರುತ್ತಿದ್ದೆ. ಹಾಡುವವನೇ ಮನೆಯಲ್ಲಿರುವಾಗ ಯಾರು ಕಿವಿಗೊಟ್ಟು ಕೇಳುತ್ತಾರೆ? ಬಾವಿಯ ಹತ್ತಿರ ನಿಂತು ಒಂದು ಸಾಲು ಗುನುಗುತ್ತೇನೆ, ಎರಡನೆಯದಕ್ಕೆ ಬಾಯಿ ಕಟ್ಟುತ್ತದೆ. ಹಿಂದಿನ ಮನೆಯ ಅಜ್ಜಮ್ಮ, "ಎಂಥಾ ಡಬಡಬಾ ಹಾಡಿಗೆ ಅಳ್ತಿಯಲ್ಲೇ, ಬದುಕು ಮಾಡಾಕೆ ಕಲಿ" ಎಂದರು. ಅವರಿಗೆ ನಾನು ಜವಾಬು ಕೊಟ್ಟ ರೀತಿ ನಮ್ಮವ್ವ ಕೇಳಿದ್ದರೆ ಕೆನ್ನೆಗೆ ಬಿಡುತ್ತಿದ್ದಳು.

ಯುಗಾದಿ ಹತ್ತಿರ ಬಂತು. ನಿನ್ನ ಚೀಟಿ ಬಂದರೂ ಸರಿ, ಬಾರದಿದ್ದರೂ ಸರಿ, ನಾನು ಬೆಂಗಳೂರಿಗೆ ಹೋಗುವವಳೇ. ಗೌಸ್‌ಪೀರಣ್ಣ ಕರೆದೊಯ್ಯುತ್ತೇನೆ ಎಂದಿದ್ದಾರೆ. ಊರಿನವರ ಬಾಯಿಗೆ ಬೀಳುವುದು ಬೇಡವೆಂದು ಅವರ ತಾಯಿ ರಹೀಮುನ್ನೀಸಾ ಅವರೂ ಜೊತೆಗೆ ಬರುತ್ತಾರೆ. ಸ್ಟುಡಿಯೋದವರ ಕಾಲು ಹಿಡಿಯುತ್ತೇನೆ. ಬುಕ್ ಮಾಡಿದವನ ತಂಗಿ, ಹಾಡಿದವನ ಹೆಂಡತಿ ಎಂದರೆ ಅವರಾದರೂ ಮನುಷ್ಯರಲ್ಲವೇ? ಆದರೂ ಚೀಟಿ ಕಳಿಸು ಅಣ್ಣ. ಬಿಳಿಚೋಡಿನ ಕೆರೆ ಏರಿಯ ಮೇಲೆ ಡಬ್ಬ ಬಾರಿಸಿಕೊಂಡು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡುತ್ತಿದ್ದವನು ನೀನೇ ಅಲ್ಲವೇ? ಎರಡು ಸಾಲು ಬರೆಯಲು ಏನು ಕಷ್ಟ?

ಕೊಟ್ರಮ್ಮ


ನ್ಯಾಮತಿ
27-3-1987

ಅಣ್ಣನಿಗೆ.

ಕ್ಷೇಮ ಕೇಳುವುದನ್ನು ಈ ಸಲ ಬಿಟ್ಟಿದ್ದೇನೆ. ತಪ್ಪು ತಿಳಿಯಬೇಡ, ಬೇಗ ಬರೆದು ಮುಗಿಸಬೇಕು.

ಬೆಂಗಳೂರಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ರಹೀಮುನ್ನೀಸಾ ಅವರು ನನ್ನ ಕೈ ಬಿಡಲಿಲ್ಲ. ಸ್ಟುಡಿಯೋದಲ್ಲಿ ಮೊದಲು ಆಫೀಸಿನವರು, ಚೀಟಿ ಇಲ್ಲದೆ ಆಗಲ್ಲ ಎಂದರು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಗೌಸ್‌ಪೀರಣ್ಣ ಜೋರು ಮಾಡಿದರು. ಗಲಾಟೆ ಕೇಳಿ ಒಳಗಿನಿಂದ ಟೇಪು ನೋಡಿಕೊಳ್ಳುವ ಎಂಜಿನಿಯರ್ ಬಂದರು, ವಯಸ್ಸಾದವರು. ಗೌಸ್‌ಪೀರಣ್ಣನ ಗುರುತು ಹಿಡಿದು, ಇವರು ಹೋದ ಸುದ್ದಿಗೆ ಮರುಗಿ, ನಮ್ಮನ್ನು ಒಳಗೆ ಕರೆದು ಕೂರಿಸಿದರು. ಸ್ಪೂಲು ಎಂದ ಕೂಡಲೇ ನನ್ನ ಮುಖ ನೋಡಿದರು.

"ಅದಿಲ್ವಲ್ಲಮ್ಮಾ. ಬೆನಕಪ್ಪನವರೇ ಬಂದು ಅಳಿಸಿ ಹೋದ್ರಲ್ಲ. ನಿಮಗೆ ಹೇಳಿಲ್ವಾ?"

ನಾನು ಯಾವಾಗ ಎಂದು ಕೇಳಿದೆ. ಅವರು ಹೇಳಿದ ತಾರೀಕು ಇವರನ್ನು ಮಣ್ಣು ಮಾಡಿದ ಮಾರನೆಯ ದಿನದ್ದು. ನೀನು ಒಳಗೆ ಬಂದವನೇ "ನಮ್ಮ ಮುರುಗೇಶಿ ತೀರ್ಕಂಡ" ಎಂದು ಗೋಡೆಗೆ ಹಣೆ ಹಚ್ಚಿ ಕಣ್ಣೀರು ಹಾಕಿದೆಯಂತೆ. ಅಂದರೆ ನಿನಗೆ ತಂತಿ ತಲುಪಿತ್ತು. ನೀನು ಹೊರಟೂ ಇದ್ದೆ. ಗೋವೆಯಿಂದ ಬೆಂಗಳೂರಿಗೆ ಬರುವವನು ಹರಿಹರ ದಾಟಿಯೇ ಹೋಗಬೇಕು. ಅಲ್ಲಿ ಇಳಿದು ಹೊನ್ನಾಳಿ ಬಸ್ಸು ಹತ್ತಿದ್ದರೆ ಇವರ ಮುಖ ಸಿಗುತ್ತಿತ್ತು. ಅತ್ತೆ ಹಿರಿಯರನ್ನು ತಡೆಯುತ್ತಿದ್ದ ಹೊತ್ತಿನಲ್ಲಿ ನೀನು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದೆ.

ಯಾಕೆ ಅಳಿಸಿದ ಎಂದು ನಾನು ಕೇಳಿದೆ. ಎಂಜಿನಿಯರ್ ಹೇಳಿದರು. ತಾಳದ ಮಷಿನ್ ಜಗಳ ನಡೆದ ದಿನ ಮೈಕು ತೆರೆದೇ ಇತ್ತಂತೆ, ಟೇಪು ಓಡುತ್ತಲೇ ಇತ್ತಂತೆ. ಹಾಡು ಹಾಡಿನ ನಡುವೆಲ್ಲಾ ನಿಮ್ಮಿಬ್ಬರ ಮಾತು ಬಿದ್ದಿತ್ತಂತೆ. ಕೇಳುವ ಕ್ಯಾಸೆಟ್ಟಿಗೆ ತುಂಬುವಾಗ ಅದನ್ನು ಬಿಟ್ಟು ಹಾಡು ಮಾತ್ರ ತುಂಬಿದ್ದರಂತೆ. ಸ್ಪೂಲಿನಲ್ಲಿ ಎಲ್ಲವೂ ಇತ್ತು. ನೀನು ಇವರಿಗೆ ಅಂದದ್ದನ್ನು ಅವರು ಹೇಳಲೋ ಬೇಡವೋ ಎನ್ನುತ್ತಾ ಹೇಳಿದರು: "ನೀನು ಸತ್ರೆ ನಿನ್ ಮಣ್ಣಿಗೂ ಬರಲ್ಲ ಕಣಲೇ ಮುರುಗೇಶಿ."

"ಆ ಜಗಳ ಒಂದನ್ನೇ ಕತ್ತರಿಸಿ ಕೊಡ್ತೀನಿ ಅಂದೆ ಕಣಮ್ಮಾ," ಎಂದರು ಅವರು. "ಎಲ್ಲೆಲ್ಲಿದೆ ಅಂತ ಹುಡುಕೋಕೆ ಮತ್ತೆ ಕೇಳಬೇಕು, ಅವನ ದನಿ ಕೇಳೋಕೆ ನನ್ನ ಕೈಲಾಗಲ್ಲ ಅಂದ್ರು. ನಾಳೆ ನನ್ನ ತಂಗಿ ಬಂದು ಈ ಸ್ಪೂಲ್ ಹಾಕಿಸ್ಕೊಂಡು ಕೇಳ್ತಾಳೆ, ಅದಕ್ಕೂ ಮುಂಚೆ ಅಳಿಸಿಬಿಡಿ, ಹಾಡು ಮನೇಲಿ ಕ್ಯಾಸೆಟ್‌ನಲ್ಲಿದೆ, ಎಲ್ಲೂ ಹೋಗಲ್ಲ ಅಂದ್ರು."

ಗೌಸ್‌ಪೀರಣ್ಣ ಎದ್ದು ಹೊರಗೆ ಹೋದರು. ಜಗಳದ ದಿನ ಅವರು ಗಿಟಾರಿನ ತಂತಿ ತರಲು ಪೇಟೆಗೆ ಹೋಗಿದ್ದರಂತೆ, ಇದು ಯಾವುದೂ ಅವರಿಗೆ ಗೊತ್ತಿರಲಿಲ್ಲ. ರಹೀಮುನ್ನೀಸಾ ಅವರು ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡು, "ಅತ್ತು ಬಿಡವ್ವಾ" ಎಂದರು. ಅಳು ಬರಲಿಲ್ಲ. ಆ ಎಂಜಿನಿಯರ್ ಪಾಪ, ಎದ್ದು ಕಪಾಟಿನಲ್ಲೆಲ್ಲಾ ಹುಡುಕಿದರು, ಎಲ್ಲಾದರೂ ಒಂದು ತುಂಡು ಬಿದ್ದಿದೆಯೋ ಎಂದು. ಇರಲಿಲ್ಲ. ಆ ಸ್ಪೂಲಿಗೆ ಆಗಲೇ ಯಾರದೋ ಸಾಬೂನಿನ ಜಾಹೀರಾತು ತುಂಬಿ ಆಗಿದೆ.

ಅಣ್ಣ, ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಸುಳ್ಳು ಹೇಳುವುದಿಲ್ಲ, ಬಸ್ಸಿನಲ್ಲಿ ಬರುವಾಗ ನಿನಗೆ ಬಾಯಿಗೆ ಬಂದ ಶಾಪ ಹಾಕಿದೆ. ಇಲ್ಲಿ ಬಂದು ಅತ್ತೆಯನ್ನು ನೋಡಿದೆ. ಅವರು ನಮಸ್ಕಾರ ಮಾಡಿ ಒತ್ತಿದರು, ನೀನು ಅತ್ತು ಅಳಿಸಿದೆ. ಇಬ್ಬರಲ್ಲಿ ಯಾರನ್ನು ಹಿಡಿದು ಹೊಡೆಯಲಿ? ನೀನು ನನ್ನ ಮೊದಲ ಕಾಗದ ಓದಿದಾಗ ನಿನಗೆ ಏನಾಗಿರಬೇಕು ಎಂದೂ ಯೋಚಿಸಿದೆ. ಆ ಸೀರೆಯಲ್ಲಿ ಚೀಟಿ ಯಾಕಿರಲಿಲ್ಲ ಎಂದು ಈಗ ಗೊತ್ತಾಯಿತು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಸಿಕ್ತಾ?" ಎಂದರು. ಇನ್ನೂ ಸರಿಮಾಡುತ್ತಿದ್ದಾರೆ, ಬೆನಕಪ್ಪ ತರುತ್ತಾನೆ ಎಂದೆ. ಅತ್ತೆ ಅವತ್ತು ತಟ್ಟೆಯಲ್ಲಿದ್ದದ್ದು ಪೂರ್ತಿ ಉಂಡರು. ಈ ಸುಳ್ಳು ಎಷ್ಟು ದಿನ ನಡೆಯುತ್ತದೋ ನನಗೆ ತಿಳಿಯದು.

ನೀನು ಬಾ ಎಂದೂ ಬರೆಯಲಾರೆ, ಬರಬೇಡ ಎಂದೂ ಬರೆಯಲಾರೆ. ಕುಡಿಯುವುದು ಕಲಿತಿದ್ದರೆ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು. ಹಿರಿಯನಿಗೆ ಕಿರಿಯಳು ಹರಸುವುದಿಲ್ಲ, ಆದರೂ ಹರಸುತ್ತೇನೆ: ಎಲ್ಲಿದ್ದರೂ ಶಿವ ನಿನ್ನನ್ನು ಕಾಯಲಿ.

ಕೊಟ್ರಮ್ಮ

ಕಾಗದಕ್ಕೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾನು ಕೇಳಬಾರದೆಂದು ನೀನು ಅಳಿಸಿದೆಯಲ್ಲ, ಆ ಜಗಳವೂ ನನಗೆ ಬೇಕಿತ್ತು ಅಣ್ಣ. ಹಾಡಿಗಿಂತ ಅದೇ ಹೆಚ್ಚು ಬೇಕಿತ್ತು. ಹಾಡನ್ನು ಇವರು ಊರಿಗೆಲ್ಲ ಹಾಡುತ್ತಿದ್ದರು, ಜಗಳವನ್ನು ಮನೆಯ ದನಿಯಲ್ಲಿ ಆಡಿರುತ್ತಾರೆ. ಮುಖಕ್ಕೆ ಫೋಟೋ ಇದೆ. ದನಿ ನನಗೆ ಮರೆಯುತ್ತಾ ಬಂದಿದೆ, ಇದನ್ನು ಯಾರಿಗೂ ಹೇಳಿಲ್ಲ. ನೀನು ಮಣ್ಣಿಗೂ ಬರಲ್ಲ ಎಂದಾಗ ಇವರು ಸುಮ್ಮನಿದ್ದಿರಲಾರರು. ಎಂಜಿನಿಯರ್‌ಗೆ ನಿನ್ನ ಮಾತು ನೆನಪಿದೆ, ಇವರದು ನೆನಪಿಲ್ಲವಂತೆ. ಏನಂದರು? ಬೈದರೋ, ನಕ್ಕರೋ? ಎಷ್ಟೇ ಕೆಟ್ಟದಾಗಿರಲಿ, ಅಂದದ್ದನ್ನು ಅಂದ ಹಾಗೇ ಬರೆದು ಕಳಿಸು.